ಕೊಬ್ಬರಿಗೆಂದು ಹೇಳಿ ಕಟ್ಟಿದ ಕೋಣೆ

ಮೆತ್ತು ಖಾಲಿ ಮಾಡಬೇಕು ಎಂದು ಮಾವ ಹೇಳಿದ ದಿನ ನಾನು ಬೆಳಗಿನಿಂದ ಬಚ್ಚಲಿಗೂ ಅಡುಗೆಮನೆಗೂ ಓಡಾಡಿ ಸುಸ್ತಾಗಿದ್ದೆ. ಕುಡಿದ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮೆತ್ತು ಎಂದರೆ ಅಟ್ಟ. ಹೊನ್ನಾವರದ ನಮ್ಮ ಹಂಚಿನ ಮನೆಯಲ್ಲಿ ಅದು ಅಡುಗೆಮನೆಯ ಪಕ್ಕದ ಏಣಿಯಿಂದ ಶುರುವಾಗಿ ಜಗಲಿಯ ತಲೆಯ ಮೇಲಿನವರೆಗೂ ಉದ್ದಕ್ಕೆ ಹಬ್ಬಿತ್ತು. ಅಡಿಕೆ ಮರ ಸೀಳಿದ ದಬ್ಬೆ ಹಾಸಿದ ನೆಲ, ಬೆನ್ನು ನೆಟ್ಟಗೆ ಮಾಡಿದರೆ ತಲೆಗೆ ತಾಗುವ ಮರ, ಹಗಲಲ್ಲೂ ಕತ್ತಲೆ. ಮನೆಗೆ ಬೇಡವಾದದ್ದು, ಆದರೆ ಬಿಸಾಡಲು ಮನಸ್ಸು ಬಾರದ್ದು, ಎಲ್ಲ ಅಲ್ಲಿಗೆ ಹೋಗುತ್ತಿತ್ತು. ಆ ದಿನಗಳಲ್ಲಿ ನನ್ನನ್ನೂ ಅಲ್ಲಿಗೇ ಹಾಕಿಬಿಡಬಹುದು ಎಂದು ನನಗೆ ಅನಿಸುತ್ತಿತ್ತು. ಎರಡು ಸಲ ಬಸುರಾಗಿ ಎರಡು ಸಲವೂ ಬರಿಗೈಯಲ್ಲಿ ಎದ್ದವಳು ನಾನು.

ಮೊದಲನೆಯದು ಕುಮಟೆಯಲ್ಲಿ, ನನ್ನ ತವರಿನಲ್ಲಿ. ಹುಟ್ಟುವಾಗಲೇ ಉಸಿರಿರಲಿಲ್ಲ. ಎರಡನೆಯದರ ಹೊತ್ತಿಗೆ ನನ್ನ ಹೆತ್ತ ಆಯಿ ತೀರಿಹೋಗಿದ್ದಳು. ತವರಿಗೆ ಕರೆದು ಬಾಣಂತನ ಮಾಡುವವರು ಯಾರೂ ಇರಲಿಲ್ಲ. ಹಾಗಾಗಿ ಹೊನ್ನಾವರದಲ್ಲೇ, ಬಚ್ಚಲ ಒಲೆಗೆ ತಾಗಿಕೊಂಡಿದ್ದ ಬಾಣಂತಿ ಕೋಣೆಯಲ್ಲಿ ಗಂಡುಮಗು ಹುಟ್ಟಿತು. ಆ ಕೋಣೆಗೆ ಕಿಟಕಿ ಎಂಬುದೇ ಇರಲಿಲ್ಲ. ಮಗು ಮುಖ ನೋಡಿ ನಗುವುದನ್ನು ಕಲಿತಿತ್ತು. ಆಮೇಲೆ ಮಳೆಗಾಲದ ಥಂಡಿ, ಗೋಡೆಯಾಚೆಯಿಂದ ಬರುವ ಹೊಗೆ, ಕೆಮ್ಮು. ಒಂದು ಸಂಜೆ ಕೆಮ್ಮಲೂ ಶಕ್ತಿಯಿಲ್ಲದೆ ಸುಮ್ಮನಾಯಿತು. ಆಮೇಲೆ ಬಂದ ಡಾಕ್ಟರು ಕೋಣೆಯ ನಾಲ್ಕೂ ಗೋಡೆ ನೋಡಿ, "ಇಲ್ಲಿ ದೊಡ್ಡವರಿಗೇ ಉಸಿರಾಡಲು ಆಗುವುದಿಲ್ಲ. ಮಗುವಿಗೆ ಗಾಳಿ ಬೆಳಕು ಬೇಡವೇ?" ಎಂದು ಮಾವನನ್ನು ಗದರಿದರು. ಕುಮಟೆಯ ಕಚೇರಿಯಲ್ಲಿ ಕಾರಕೂನಿಕೆ ಮಾಡಿ ನಿವೃತ್ತರಾದ ಮನುಷ್ಯ ನಮ್ಮ ಮಾವ. ತಿಳಿದವರು ಗದರಿದ್ದನ್ನು ಮರೆಯುವ ಅಭ್ಯಾಸ ಅವರಿಗಿರಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಮೂರನೆಯ ಸಲ ದಿನ ನಿಂತಿದೆ ಎಂದು ಗೊತ್ತಾದ ಸ್ವಲ್ಪ ದಿನಕ್ಕೇ ಮಾವ ಮೆತ್ತಿನ ಮಾತು ತೆಗೆದರು. ಯಾತಕ್ಕೆ ಎಂದು ಹೇಳಲಿಲ್ಲ. ಕೇಳಿದವಳು ನಾನೇ.

"ಎಂತಕ್ಕೆ ಮಾವ?"

ಉತ್ತರ ಅಡುಗೆಮನೆಯಿಂದ ಬಂತು. "ಎಂತಕ್ಕೂ ಅಲ್ಲ. ಸುಮ್ನೆ," ಎಂದರು ಅತ್ತೆ.

ಅಷ್ಟು ಸಾಕಿತ್ತು ನನಗೆ, ಅರ್ಥವಾಯಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ ಎಂದು ಲೋಕವೆಲ್ಲ ನಗಾಡುವ ಗಾದೆ ನಮ್ಮ ಅತ್ತೆಯ ಪಾಲಿಗೆ ಗಾದೆಯಾಗಿರಲಿಲ್ಲ, ಕಾನೂನಾಗಿತ್ತು. ಹುಟ್ಟಲಿರುವ ಮಗುವಿಗೆಂದು ಹಳೇ ಸೀರೆಯ ಒಂದು ತುಂಡು ಹರಿಯುವಂತಿಲ್ಲ. ತೊಟ್ಟಿಲು ಇಳಿಸುವಂತಿಲ್ಲ. "ಮಗು ಬಂದ ಮೇಲೆ" ಎಂದು ಯಾವ ಮಾತನ್ನೂ ಶುರು ಮಾಡುವಂತಿಲ್ಲ. ಬಾಯಿಬಿಟ್ಟು ಹೇಳಿದರೆ ಕೇಳಿಸಿಕೊಳ್ಳುವವರು ಕೇಳಿಸಿಕೊಳ್ಳುತ್ತಾರೆ, ಕೇಳಿಸಿಕೊಂಡವರು ಎತ್ತಿಕೊಂಡು ಹೋಗುತ್ತಾರೆ. ಅವರು ಯಾರು ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಇಂಥ ಮನೆಯಲ್ಲಿ, ಮಗುವಿಗೆಂದು ಒಂದು ಕೋಣೆ ಕಟ್ಟಬೇಕಾಗಿತ್ತು.

ಉಪಾಯ ಏನೆಂದರೆ ಎಲ್ಲರೂ ಒಂದೊಂದು ಸುಳ್ಳು ಹೇಳುವುದು. ಮಾವ ಅದನ್ನು ಕೊಬ್ಬರಿ ಹಾಕಲಿಕ್ಕೆ ಎಂದರು. ಅತ್ತೆ ಹಪ್ಪಳ ಒಣಗಿಸಲಿಕ್ಕೆ ಎಂದರು. ನನ್ನ ಗಂಡ ಭಟ್ಕಳದ ಶಾಲೆಯಲ್ಲಿ ಮಾಸ್ತರರು. ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಲಾಂಚಿನಲ್ಲಿ ಹೊಳೆ ದಾಟಿ ಮನೆಗೆ ಬರುತ್ತಿದ್ದರು. ಅವರು ಕೇಳಿದವರಿಗೆಲ್ಲ, ಮಕ್ಕಳ ಉತ್ತರಪತ್ರಿಕೆ ತಿದ್ದಲು ಒಂದು ಜಾಗ ಬೇಕಿತ್ತು ಎಂದರು. ಭಟ್ಕಳದ ನವಾಯತ ಮುಸ್ಲಿಮರ ಮನೆಗಳಲ್ಲಿ ಮಾಳಿಗೆಯ ಮೇಲೆ ಮಕ್ಕಳಿಗೆಂದೇ ಕೋಣೆಗಳಿರುವುದನ್ನು, ಅದರ ಕಿಟಕಿಗಳು ಮಕ್ಕಳ ಎತ್ತರಕ್ಕೇ ಇರುವುದನ್ನು ಅವರು ನನಗೆ ಬಣ್ಣಿಸಿದ್ದರು. ಅಪ್ಪನ ಹತ್ತಿರ ಹೇಳುವಾಗ ಮಾತ್ರ ಮಕ್ಕಳು ಎಂಬ ಪದ ತೆಗೆದು ಬರೀ ಕಿಟಕಿಯ ಕತೆ ಹೇಳಿದರು. ನನ್ನ ಸುಳ್ಳು ಏನು ಎಂದು ಯಾರೂ ಕೇಳಲಿಲ್ಲ. ಬಸುರಿಯ ಕೈಯಲ್ಲಿ ಪೊರಕೆ ಕೊಟ್ಟರೆ ಸಾಕು, ಸುಳ್ಳು ಬೇಕಾಗುವುದಿಲ್ಲ.

ಖಾಲಿ ಮಾಡುವ ಕೆಲಸ ಮುಗಿಯುವ ಹಾಗೇ ಇರಲಿಲ್ಲ. ತೂತು ಬಿದ್ದ ಕೊಪ್ಪರಿಗೆ, ಕಾಲು ಮುರಿದ ಮಣೆಗಳು, ಗೆದ್ದಲು ತಿಂದ ಪಂಚಾಂಗದ ಕಟ್ಟುಗಳು, ಯಾವ ಕಾಲದ್ದೋ ಮದುವೆಯ ಚಪ್ಪರದ ಹಗ್ಗ. ಮೇಲಿಂದ ನಾನು ಕೊಡುವುದು, ಏಣಿಯ ಕೆಳಗೆ ನಿಂತು ಅತ್ತೆ ತೆಗೆದುಕೊಳ್ಳುವುದು. ಅತ್ತೆ ಮೇಲೆ ಹತ್ತುತ್ತಿರಲಿಲ್ಲ, ಮೊಣಕಾಲು ನೋವು ಎನ್ನುತ್ತಿದ್ದರು. ಒಂದೊಂದು ವಸ್ತು ಕೈಗೆ ಬಂದಾಗಲೂ, "ಇದು ಇರಲಿ, ಬೇಕಾಗ್ತು," ಎಂದು ಅಂಗಳದ ಮೂಲೆಯಲ್ಲಿ ರಾಶಿ ಹಾಕುತ್ತಿದ್ದರು. ಅಟ್ಟ ಖಾಲಿಯಾಗಿ ಅಂಗಳ ತುಂಬಿತು, ಅಷ್ಟೇ. ಇಲಿಯ ಹಿಕ್ಕೆ, ಬಾವಲಿಯ ವಾಸನೆ, ಅಡುಗೆಮನೆಯ ಹೊಗೆ ಕೂತು ಕೂತು ಅಂಟಾಗಿದ್ದ ಮಸಿ. ಮೂಗಿಗೆ ಸೆರಗು ಕಟ್ಟಿಕೊಂಡು ಗುಡಿಸುತ್ತಿದ್ದೆ, ವಾಕರಿಕೆ ಬಂದಾಗ ಏಣಿ ಇಳಿದು ಹೋಗುತ್ತಿದ್ದೆ, ಮತ್ತೆ ಹತ್ತುತ್ತಿದ್ದೆ. ಈಗಲೂ ಯಾರಾದರೂ ಅಟ್ಟ ಎಂದರೆ ನನ್ನ ಸೊಂಟ ಮೊದಲು ಕೇಳಿಸಿಕೊಳ್ಳುತ್ತದೆ.

ಮೂಲೆಯಲ್ಲಿ ಹಳೇ ಸೀರೆ ಸುತ್ತಿದ ತೊಟ್ಟಿಲಿತ್ತು. ಅದನ್ನು ನೋಡಿ ನಾನು ಕೆಳಗೆ ಬಗ್ಗಿ, "ಅತ್ತೆ, ಇದು?" ಎಂದೆ. ಅತ್ತೆ ಕತ್ತು ಮೇಲೆತ್ತಲೇ ಇಲ್ಲ. "ಅದು ಅಲ್ಲೇ ಇರಲಿ. ಮುಟ್ಟಡ," ಎಂದರು. ಹಾಗಾಗಿ ಅಟ್ಟವೆಲ್ಲ ಗುಡಿಸಿ, ಅದೊಂದರ ಸುತ್ತ ಧೂಳು ಬಿಟ್ಟೆ.

ಹಪ್ಪಳದ ಸುಳ್ಳು ಮಾತ್ರ ನನ್ನ ಜೀವ ತಿಂದಿತು. ಪಕ್ಕದ ಮನೆಯ ಕೊಂಕಣಿ ಅಜ್ಜಿ, ನಮ್ಮಲ್ಲಿ ಹಪ್ಪಳಕ್ಕೆಂದೇ ಮಾಳಿಗೆ ಕಟ್ಟಿಸುತ್ತಿದ್ದಾರೆ ಎಂದು ಕೇಳಿ ಸಂತೋಷಪಟ್ಟು, ತಮ್ಮ ಮರದ ಹಲಸಿನಕಾಯಿ ಕಳಿಸತೊಡಗಿದರು. "ಇಷ್ಟು ಜಾಗ ಮಾಡ್ಕೊಂಡಿದ್ದೀರಿ, ನಮ್ಮದನ್ನೂ ಒಣಗ್ಸಿ ಕೊಡಿ, ಅರ್ಧ ನೀವೇ ಇಟ್ಕೊಳ್ಳಿ," ಎಂದರು. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತದೆ. ಅತ್ತೆ ಹೂಂ ಎಂದರು. ಆ ವರ್ಷ ಬೇಸಿಗೆಯಿಡೀ ನಾನು ಹಲಸಿನ ತೊಳೆ ಬಿಡಿಸಿ, ಬೇಯಿಸಿ, ಒರಳಲ್ಲಿ ರುಬ್ಬಿ, ಉಂಡೆ ಮಾಡಿ, ಒತ್ತಿ, ಚಾಪೆ ಮೇಲೆ ಹರಡಿದೆ. ಕೈಯೆಲ್ಲ ಮೇಣ, ಬೆನ್ನೆಲ್ಲ ಬೆವರು. ಸುಳ್ಳು ಹೇಳಿದವರು ಅತ್ತೆ, ಅದಕ್ಕೆ ಒತ್ತುಮಣೆ ಹಿಡಿದವಳು ನಾನು. ಹೊಟ್ಟೆ ಮುಂದೆ ಬಂದಿತ್ತು. ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯಬೇಕಾಗುತ್ತಿತ್ತು. ಹಾಗೆ ಗೋಡೆ ಹಿಡಿದು ಏಳುವುದನ್ನು ಮನೆಯವರೆಲ್ಲ ನೋಡುತ್ತಿದ್ದರು, ಯಾರೂ ಏನೂ ಹೇಳುತ್ತಿರಲಿಲ್ಲ.

ಬಡಗಿ ಕೆಲಸಕ್ಕೆ ಬಂದ ಆಚಾರಿ ಬಾಯಿ ಮುಚ್ಚಿ ಕೆಲಸ ಮಾಡುವ ಜನವಲ್ಲ. ಕುಮಟೆಯಿಂದ ಮಾವಳ್ಳಿಯವರೆಗೆ ತಾನು ಕಟ್ಟದ ಅಟ್ಟವೇ ಇಲ್ಲ ಎನ್ನುವ ಆಸಾಮಿ. ಮೊದಲ ದಿನವೇ ಸೊಂಟಕ್ಕೆ ಕೈಕೊಟ್ಟು ನಿಂತು ಮಾವನನ್ನು ವಿಚಾರಿಸಿದ.

"ಎಂತಕ್ಕೆ ಒಡೆಯಾ ಇದು?"

"ಕೊಬ್ಬರಿ ಹಾಕೂಕೆ."

"ಕೊಬ್ಬರಿಗೆ ಕಿಟಕಿ ಎಂತಕ್ಕೆ?"

"ಗಾಳಿಗೆ."

"ಮಾಡಿಗೆ ಗಾಜಿನ ಹಂಚೂ ಹಾಕ್ಬೇಕಾ?"

"ಹಾಕು. ಬೆಳಕು ಬೇಕು."

"ಬೆಳಕು ಎಂತಕ್ಕೆ? ಕೊಬ್ಬರಿ ಎಂತ ಓದೂಕೆ ಕೂತ್ಕಂತದಾ?"

ಮಾವ ಸಿಟ್ಟಿನಿಂದ ಜಗಲಿಗೆ ಹೋಗಿ ಕೂತರು. ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆ ಬೇಸಿಗೆಯಲ್ಲಿ ನಕ್ಕದ್ದು ಅದೊಂದೇ ಎಂದು ಕಾಣುತ್ತದೆ. ಆಚಾರಿ ಗೊಣಗುತ್ತಲೇ ಕಿಟಕಿ ಇಟ್ಟ, ಗಾಜಿನ ಹಂಚು ಹಾಕಿದ, ಹಂಚಿನ ಮಾಡನ್ನು ಒಂದು ಕಡೆ ಸ್ವಲ್ಪ ಎತ್ತರಿಸಿ ನಿಂತುಕೊಳ್ಳುವಷ್ಟು ಮಾಡಿದ. ಕೆಲಸ ಚಲೋ ಇತ್ತು. ಕತ್ತಲೆ ಗೂಡಿನೊಳಕ್ಕೆ ಬಿಸಿಲಿನ ಚೌಕವೊಂದು ಬಿದ್ದದ್ದನ್ನು ನೋಡಿ ನನಗೆ ಅಳು ಬಂತು. ಎರಡನೆಯದು ಇಂಥದ್ದೊಂದು ಬಿಸಿಲು ನೋಡದೆ ಹೋಯಿತಲ್ಲ ಎಂದು ಅತ್ತುಬಿಟ್ಟೆ.

ಇನ್ನು ನೆಲ ಮಾತ್ರ ಉಳಿದಿತ್ತು. ಹಳೇ ದಬ್ಬೆ ತೆಗೆದು ಹಲಗೆ ಹಾಕಬೇಕು. ಏಣಿಯನ್ನೂ ಆಚಾರಿ ಕಳಚಿ ಇಟ್ಟಿದ್ದರಿಂದ ನಾವು ಯಾರೂ ಕೆಲವು ದಿನ ಮೇಲೆ ಹೋಗಲಿಲ್ಲ. ಮಾವ ತಮ್ಮ ಪೆನ್ಶನ್ನಿನ ಕೆಲಸಕ್ಕೆ ಕುಮಟೆಗೆ ಹೋಗಿ ಎರಡು ದಿನ ನೆಂಟರ ಮನೆಯಲ್ಲಿ ಉಳಿದರು. ಅವರು ವಾಪಸು ಬರುವಷ್ಟರಲ್ಲಿ ಏಣಿ ಮತ್ತೆ ನಿಂತಿತ್ತು. ಚಪ್ಪಲಿ ಬಿಟ್ಟು ಸೀದಾ ಮೇಲೆ ಹತ್ತಿದರು. ಅಲ್ಲಿಂದ ಅವರ ಕೂಗು ಕೇಳಿಸಿತು.

ಆಚಾರಿ ಹಲಗೆಗಳನ್ನು ಬಹಳ ನಾಜೂಕಾಗಿ, ಒಂದಕ್ಕೊಂದು ಎರಡು ಬೆರಳಿನ ಸಂದಿ ಬಿಟ್ಟು, ಕೋಣೆಯ ಉದ್ದಕ್ಕೂ ಹೊಡೆದಿದ್ದ. ಮೇಲೆ ನಿಂತರೆ ಕೆಳಗಿನ ಜಗಲಿಯ ಮೇಲಿದ್ದ ಮಾವನ ಪೀಠ, ಅಡಿಕೆ ತಬಕು, ಎಲ್ಲ ಕಾಣುತ್ತಿತ್ತು. ನಮ್ಮ ಕರಾವಳಿಯ ಕೊಬ್ಬರಿ ಅಟ್ಟ ಎಂದರೆ ಹಾಗೇ ಇರುವುದು. ಅವನದು ತಪ್ಪಾಗಿರಲಿಲ್ಲ.

"ಇದೆಂತ ಸಂದಿ ಬಿಟ್ಟಿದ್ದು ಮಾರಾಯಾ?" ಎಂದು ಮಾವ ಕೂಗಿದರು.

"ಬಿಡದೆ? ಕೊಬ್ಬರಿಗೆ ಅಡಿಯಿಂದ ಗಾಳಿ ಬ್ಯಾಡ್ವಾ ಒಡೆಯಾ? ಸಂದಿ ಇಲ್ದಿದ್ರೆ ಬೂಸು ಹಿಡೀತದೆ."

"ಹಿಡೀಲಿ."

"ಹಿಡೀಲಿ ಅಂದ್ರೆ?"

ಜೀವಮಾನವಿಡೀ ಕಚೇರಿಯಲ್ಲಿ ಕಾರಣ ಬರೆದು ಬರೆದು ಕೊಟ್ಟ ಮನುಷ್ಯ ಆ ದಿನ ಒಂದು ಕಾರಣವನ್ನು ಹುಡುಕಿಕೊಳ್ಳಲಾಗದೆ ಕೆಂಪಗಾದರು. ಅತ್ತೆ ಏಣಿಯ ಬುಡಕ್ಕೆ ಬಂದು ಸಹಾಯಕ್ಕೆ ನಿಂತರು. "ಹಪ್ಪಳದ ಚೂರೆಲ್ಲ ಕೆಳಗೆ ಬೀಳ್ತಲ, ಆಚಾರಿ. ಸಂದಿ ಮುಚ್ಚಿ ಕೊಡು," ಎಂದರು.

"ಹಪ್ಪಳವಾ? ಒಡೆಯರು ಕೊಬ್ಬರಿ ಅಂದ್ರು. ಹಪ್ಪಳಕ್ಕೆ ಅಂಗಳ ಇಲ್ವಾ ಅಮ್ಮಾ? ಅಲ್ಲಾ, ಮಾಸ್ತರ್ರು ಪೇಪರ್ ತಿದ್ದೂಕೆ ಅಂತ ಹೇಳ್ದಂಗಿತ್ತಪ್ಪ."

ಮೂವರೂ ಒಟ್ಟಿಗೆ ಮಾತಾಡತೊಡಗಿದರು. ಆಚಾರಿಗೆ ಅವಮಾನವಾಗಿತ್ತು. ತಾನು ಮಾಡಿದ ಕೆಲಸವನ್ನು ಯಾವ ಊರಲ್ಲೂ ಯಾರೂ ಹೀಗೆ ಕಿತ್ತು ಹಾಕು ಎಂದು ಹೇಳಿಲ್ಲ, ಕಾರಣ ಹೇಳಿದರೆ ಕೀಳುತ್ತೇನೆ, ಇಲ್ಲದಿದ್ದರೆ ಬಿಟ್ಟೆ ಎಂದು ಉಳಿ, ಬಾಚಿ, ಕೀಸುಳಿಗಳನ್ನು ಚೀಲಕ್ಕೆ ತುಂಬತೊಡಗಿದ. ಕುಮಟೆಯಲ್ಲಿ ಅವನಿಗೆ ಬೇರೆ ಮನೆ ಕೆಲಸ ಕಾದಿತ್ತು. ಈಗ ಹೋದರೆ ಮಳೆಗಾಲ ಕಳೆದು ದಸರೆಯ ಮೇಲೆಯೇ ಅವನು ಬರುವುದು. ಸಮುದ್ರದ ಕಡೆ ಆಕಾಶ ಆಗಲೇ ಕಪ್ಪಾಗಿತ್ತು. ನನಗೆ ದಿನ ತುಂಬುವುದು ಶ್ರಾವಣದಲ್ಲಿ. ಇವನು ಚೀಲ ಹೆಗಲಿಗೇರಿಸಿದರೆ ನಾನು ಮತ್ತೆ ಆ ಬಚ್ಚಲ ಪಕ್ಕದ ಕೋಣೆಯಲ್ಲಿ, ಅದೇ ಹೊಗೆಯಲ್ಲಿ, ಇನ್ನೊಂದು ಮಗುವಿನ ಕೆಮ್ಮು ಕೇಳುತ್ತ ಮಲಗಬೇಕು.

ನಾನು ಹಲಸಿನ ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದು ಬಂದೆ.

"ಆಚಾರಿ, ಅದು ಕೊಬ್ಬರಿಗೂ ಅಲ್ಲ, ಹಪ್ಪಳಕ್ಕೂ ಅಲ್ಲ," ಎಂದೆ. "ನಂಗೆ ಹುಟ್ಟೋ ಮಗುವಿಗೆ. ಅಂಬೆಗಾಲಿಡೂ ಮಗು ಇರೂ ಕೋಣೆ ಅದು. ಬೆರಳು ಸಿಕ್ಕಿಹಾಕಿಕೊಳ್ಳದ ಹಂಗೆ ಸಂದಿ ಮುಚ್ಚು. ಕಿಟಕಿ ಸರಳು ಒತ್ತಾಗಿ ಹಾಕು, ತಲೆ ತೂರಬಾರದು. ಏಣಿ ಬೇಡ, ಹಿಡಕೊಂಡು ಹತ್ತೂ ಮೆಟ್ಟಿಲು ಮಾಡು."

ಧೈರ್ಯದಿಂದ ಹೇಳಿದೆ ಎಂದು ನಾನು ಯಾವತ್ತೂ ಕೊಚ್ಚಿಕೊಂಡಿಲ್ಲ. ಸಾಕಾಗಿ ಹೇಳಿದೆ. ಹೊಟ್ಟೆ ಹೊತ್ತುಕೊಂಡು ಅದು ಇಲ್ಲ ಎನ್ನುವ ಹಾಗೆ ಓಡಾಡಿ ಓಡಾಡಿ ನನಗೆ ಸಾಕಾಗಿತ್ತು.

ಮಾವ ಮೇಲೆ ನಿಂತಲ್ಲೇ ನಿಂತರು. ಅತ್ತೆಯ ಮುಖ ನೋಡುವ ಶಕ್ತಿ ನನಗಿರಲಿಲ್ಲ. ಆಚಾರಿ ಚೀಲ ಕೆಳಗಿಟ್ಟ.

"ಹಂಗೆ ಹೇಳಿ ಮತ್ತೆ! ಹೊಟ್ಟೆ ನಂಗೂ ಕಾಣ್ತದಲ್ಲ ಅಮ್ಮಾ, ನಾನೆಂತ ಕುರುಡನಾ? ನೀವೆಲ್ಲ ಕೊಬ್ಬರಿ ಕೊಬ್ಬರಿ ಅಂದ್ರೆ ನಾನು ಮಗುವಿನ ಕೋಣೆ ಮಾಡೂದು ಹ್ಯಾಂಗೆ?" ಎಂದ. ಆಮೇಲೆ ಅವನಿಗೂ ಏನೋ ಹೊಳೆದಂತಾಗಿ ದನಿ ತಗ್ಗಿಸಿ, "ಹೇಳಿ ಆತಲ್ಲ ಇನ್ನು. ಒಂದು ಕಾಯಿ ಒಡ್ಸಿ ಬಿಡಿ," ಎಂದ.

ಮಾವ ಇಳಿದು ಬಂದು ದೇವರ ಮುಂದೆ ಕಾಯಿ ಒಡೆದರು. ಆಚಾರಿ ಅವತ್ತೇ ಹಲಗೆ ಕೀಳಲು ಶುರು ಮಾಡಿದ.

ಸಾಯಂಕಾಲ ಬಾವಿಯಿಂದ ನೀರು ಸೇದುತ್ತಿದ್ದೆ. ಅತ್ತೆ ಬಂದು ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ತಾವೇ ಸೇದಿದರು. ಕೊಡ ತುಂಬಿದ ಮೇಲೂ ಸೇದುತ್ತಲೇ ಇದ್ದರು, ನೀರು ಹೊರಗೆ ಚೆಲ್ಲುತ್ತಿತ್ತು.

"ಒಂಚೂರು ಬಾಯಿ ಕಟ್ಟಿಕಂಡು ಇಪ್ಪಲೆ ಆಗ್ತಿತ್ತಿಲ್ಯನೇ ಕೂಸೆ?" ಎಂದರು. ನಮ್ಮ ಮಾತಿನಲ್ಲಿ ಕೂಸು ಎಂದರೆ ಹುಡುಗಿ. ಸಿಟ್ಟು ಬಂದಾಗಲೂ ಪ್ರೀತಿ ಬಂದಾಗಲೂ ಅತ್ತೆ ನನ್ನನ್ನು ಹಾಗೇ ಕರೆಯುತ್ತಿದ್ದರು. "ಆನೂ ಹೇಳಿಕಂಡು ತಿರುಗಿದ್ದೆ. ಮೊದಲನೇ ಸಲ. ಕೇರಿಗೆಲ್ಲ ಹೇಳಿದ್ದೆ. ಕೆಂಪು ಕುಲಾವಿ ಹೊಲಿದು, ತೊಳೆದು, ಬೇಲಿ ಮೇಲೆ ಒಣ ಹಾಕಿದ್ದೆ. ಎಲ್ಲರಿಗೂ ಕಾಣಲಿ ಹೇಳಿ. ಮಾಣಿ ಹುಟ್ಟಿದ. ಆ ಕುಲಾವಿ ತಲೆಗೆ ಹಾಕಲೂ ಸಿಕ್ಕಿದ್ದಿಲ್ಲೆ. ‘ನಿನ್ನ ಬಾಯೇ ತಿಂತು’ ಹೇಳಿ ನನ್ನ ಅತ್ತೆ ಹೇಳ್ತು. ಆ ಮಾಣಿಯ ತೊಟ್ಟಿಲು ಅದು, ಮೆತ್ತಿನ ಮೇಲೆ ಇಪ್ಪದು."

ನನ್ನ ಗಂಡನಿಗಿಂತ ಮೊದಲು ಅತ್ತೆಗೆ ಒಬ್ಬ ಮಗ ಹುಟ್ಟಿ ಸತ್ತಿದ್ದ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ನನ್ನ ಗಂಡನಿಗೂ ಗೊತ್ತಿರಲಿಲ್ಲ. ಮಾವನ ಮುಂದೆಯೂ ಅತ್ತೆ ಅದನ್ನು ಎತ್ತಿದವರಲ್ಲ. ಅಷ್ಟು ವರ್ಷ ಒಬ್ಬರೇ ಇಟ್ಟುಕೊಂಡಿದ್ದರು.

"ಬಾಯಿಂದ ಹಂಗೆಲ್ಲ ಆಗ್ತಿಲ್ಲೆ ಅತ್ತೆ," ಎಂದೆ.

"ಆಗ್ತಿಲ್ಲೆ ಹೇಳಿ ನಿಂಗೆ ಹ್ಯಾಂಗೆ ಗೊತ್ತಿದ್ದು?" ಎಂದು ಕೇಳಿದರು. ಕೊಡ ಸೊಂಟಕ್ಕಿಟ್ಟುಕೊಂಡು ಹೋದರು.

ನನಗೆ ಗೊತ್ತಿರಲಿಲ್ಲ. ಮೂಢನಂಬಿಕೆ ಎಂದು ನಗುವುದು ಸುಲಭ. ಎರಡನ್ನು ಕಳೆದುಕೊಂಡು ಮೂರನೆಯದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಗುವುದು ಆಗುವ ಮಾತಲ್ಲ. ಅಲ್ಲಿಂದ ಮುಂದೆ ಬೆಳಿಗ್ಗೆ ಎಚ್ಚರವಾದ ಕೂಡಲೆ ಮಗು ಅಲುಗಾಡುವವರೆಗೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಅಲುಗಾಡಲು ತಡವಾದರೆ, ಆಡಿದ ಮಾತನ್ನು ವಾಪಸು ನುಂಗಲು ಬರುವ ಹಾಗಿದ್ದರೆ ಎಂದು ಅನಿಸುತ್ತಿತ್ತು. ಈ ಮಗುವೂ ಹೋದರೆ ಅತ್ತೆ ನನಗೂ ಆ ಮಾತು ಹೇಳುತ್ತಾರೆ, ನಿನ್ನ ಬಾಯೇ ತಿಂತು ಎನ್ನುತ್ತಾರೆ ಎಂದು ಹೆದರಿದ್ದೆ. ಅವರು ಹೇಳದಿದ್ದರೂ ನಾನೇ ನನಗೆ ಹೇಳಿಕೊಳ್ಳುತ್ತೇನೆ ಎಂದು ಇನ್ನೂ ಹೆಚ್ಚು ಹೆದರಿದ್ದೆ.

ಮಳೆ ಹಿಡಿಯುವ ಮೊದಲೇ ಆಚಾರಿ ಕೆಲಸ ಮುಗಿಸಿದ. ಹಲಗೆಗಳನ್ನು ಒಂದಕ್ಕೊಂದು ಬಿಗಿಯಾಗಿ ಕೂಡಿಸಿ, ಸಿಬಿರು ಏಳದ ಹಾಗೆ ಕೀಸಿ, ಅಂಗೈ ಸವರಿ ಸವರಿ ನೋಡಿದ. ಮೆಟ್ಟಿಲಿನ ತಲೆಗೆ ಮಗು ಉರುಳಿ ಬೀಳದಂತೆ ತಡೆ ಬಾಗಿಲು ಮಾಡಿಟ್ಟ. ಅದನ್ನು ನಾವು ಯಾರೂ ಕೇಳಿರಲಿಲ್ಲ. ನನ್ನ ಗಂಡ ಒಂದು ಭಾನುವಾರ ಸುಣ್ಣಕ್ಕೆ ನೀಲಿ ಕಲಸಿ ಗೋಡೆಗೆ ಬಳಿದರು. ತಾವೂ ಅರ್ಧ ನೀಲಿಯಾಗಿ ಲಾಂಚು ಹತ್ತಿ ಭಟ್ಕಳಕ್ಕೆ ಹೋದರು. ಇಷ್ಟೆಲ್ಲ ಆಗುವಾಗ ಅತ್ತೆ ಒಂದು ದಿನವೂ ಮೇಲೆ ಬರಲಿಲ್ಲ. ಆದರೆ ನನ್ನ ಬಟ್ಟಲಿಗೆ ತುಪ್ಪ ಬೀಳುವುದು ಹೆಚ್ಚಾಯಿತು, ಒರಳಿನ ಕೆಲಸ ನನ್ನ ಕೈತಪ್ಪಿತು. ಮಾತಿಲ್ಲದ ಉಪಚಾರ. ಅದರಿಂದ ನನಗೆ ಸಮಾಧಾನವಾಗಲಿಲ್ಲ, ಭಯವೇ ಹೆಚ್ಚಾಯಿತು.

ಶ್ರಾವಣದ ಜಡಿಮಳೆಯಲ್ಲಿ ಹೆಣ್ಣುಮಗು ಹುಟ್ಟಿತು. ಹೆರಿಗೆ ಕೆಳಗಿನ ಕೋಣೆಯಲ್ಲೇ ಆಯಿತು. ಅದನ್ನು ಬದಲಿಸುವಷ್ಟು ಜಗಳ ಮಾಡಲು ಯಾರಲ್ಲೂ ತ್ರಾಣವಿರಲಿಲ್ಲ. ಮಗು ದೊಡ್ಡ ದನಿಯಲ್ಲಿ ಅತ್ತಿತು. ಬಾಗಿಲ ಹೊರಗೆ ಅತ್ತೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರಂತೆ, ಅಳು ಕೇಳಿದ ಮೇಲೂ ಏಳಲಿಲ್ಲವಂತೆ. ಹನ್ನೊಂದನೆಯ ದಿನದ ಶುದ್ಧಿ ಮುಗಿಸಿ, ಮಗುವನ್ನೂ ನನ್ನನ್ನೂ ಮೇಲಿನ ಕೋಣೆಗೆ ಸಾಗಿಸಿದರು. ಅತ್ತೆ ಮಗುವಿಗೆ ಎಣ್ಣೆ ನೀರು ಎರೆಯುವುದು, ಬೇವು ಅರಿಸಿನ ಅರೆಯುವುದು ಎಲ್ಲ ಕೆಳಗೇ ಮಾಡಿ, ಮೆಟ್ಟಿಲ ಬುಡದಲ್ಲಿ ನಿಂತು ನನ್ನ ಕೈಗೆ ಮಗುವನ್ನು ಕೊಡುತ್ತಿದ್ದರು. ತಾವು ಹತ್ತುತ್ತಿರಲಿಲ್ಲ. ತೊಟ್ಟಿಲು ಬೇಕೆಂದು ನಾನು ಕೇಳಲಿಲ್ಲ. ಜಂತಿಗೆ ಸೀರೆಯ ಜೋಲಿ ಕಟ್ಟಿಕೊಂಡೆ.

ಗಾಳಿ ಬೆಳಕು ಬೇಕು ಎಂದ ಡಾಕ್ಟರು, ಅದಕ್ಕಾಗಿ ಮೆಟ್ಟಿಲು ಹತ್ತಿ ಇಳಿಯುವವರು ಯಾರು ಎಂದು ಹೇಳಿರಲಿಲ್ಲ. ಬಿಸಿನೀರು ಮೇಲೆ, ಒದ್ದೆ ಬಟ್ಟೆ ಕೆಳಗೆ, ಒಣಗಿದ್ದು ಮೇಲೆ, ಊಟಕ್ಕೆ ಕೆಳಗೆ, ಮಗು ಅತ್ತರೆ ಅರ್ಧ ಊಟದಲ್ಲಿ ಎಡಗೈಯಲ್ಲಿ ಸೀರೆ ಹಿಡಿದು ಮತ್ತೆ ಮೇಲೆ. ಮಳೆ ನಿಂತ ಮೇಲೆ ಹಂಚು ಕಾದು ಮಧ್ಯಾಹ್ನ ಅಲ್ಲಿ ಕೂರುವ ಹಾಗಿರಲಿಲ್ಲ. ಬೀಸಣಿಗೆ ಬೀಸಿ ಬೀಸಿ ಕೂತಲ್ಲೇ ತೂಕಡಿಸುತ್ತಿದ್ದೆ. ಇಷ್ಟು ಹೆಣಗಿ ಕಟ್ಟಿಸಿದ ಕೋಣೆಯನ್ನು ಬೈಯುತ್ತಿದ್ದೆ ಎಂದರೆ ಯಾರಾದರೂ ನಗಬಹುದು. ನನಗೆ ಆಗ ನಿದ್ದೆಗಿಂತ ದೊಡ್ಡ ದೇವರು ಇರಲಿಲ್ಲ. ಮಗುವಿಗೆ ಒಮ್ಮೆ ಕೆಮ್ಮು ಬಂತು. ನಾನು ಅದರ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತೆ. ಮೆಟ್ಟಿಲ ಬುಡದಲ್ಲಿ ಅತ್ತೆ ಕೂತಿದ್ದರು. ಮೇಲೆ ನಾನು, ಕೆಳಗೆ ಅವರು. ಕೆಮ್ಮು ಇಳಿಯಿತು. ಕಿಟಕಿಯಿಂದ ಗಾಳಿ ಬರುತ್ತಿತ್ತು. ಹೊಗೆ ಇರಲಿಲ್ಲ.

ಮಗು ನಕ್ಕಿತು. ಎರಡನೆಯದು ನಕ್ಕ ಕಾಲವನ್ನು ದಾಟಿತು. ಕೂತಿತು, ಅನ್ನ ತಿಂದಿತು, ಹಲ್ಲು ಮೂಡಿ ನನ್ನ ಬೆರಳು ಕಚ್ಚಿತು. ನಾನು ಮಾತ್ರ ಪ್ರತಿಯೊಂದು ದಿನವನ್ನೂ ಕದ್ದು ತಂದವಳ ಹಾಗೆ ಹೆದರಿ ಹೆದರಿ ಕಳೆಯುತ್ತಿದ್ದೆ.

ಚಳಿ ಬಿಟ್ಟ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ ಸಪ್ಪಳ ಕೇಳಿಸಿತು. ಮಾವನದಲ್ಲ. ಅತ್ತೆ ಒಂದೊಂದೇ ಮೆಟ್ಟಿಲು ಕೈಯೂರಿ ಹತ್ತಿ ಬಂದರು. ತಡೆ ಬಾಗಿಲು ತೆಗೆಯುವುದು ಹೇಗೆ ಎಂದು ತಿಳಿಯದೆ ನಿಂತರು, ನಾನು ತೆಗೆದುಕೊಟ್ಟೆ. ಒಳಗೆ ಬಂದು ಗೋಡೆಗೆ ಒರಗಿ ಕಾಲು ಚಾಚಿ ಕೂತರು. ನೀಲಿ ಗೋಡೆ, ಕಿಟಕಿ, ಮಾಡು ಎಲ್ಲ ನೋಡಿದರು. ಚಲೋ ಇದೆ ಎಂದು ಹೇಳಲಿಲ್ಲ. ಮಗು ಗಾಜಿನ ಹಂಚಿನ ಬಿಸಿಲಿನಲ್ಲಿ ಅಂಬೆಗಾಲಿಟ್ಟು ಹಲಗೆಯ ಮೇಲೆ ಅಂಗೈ ಬಡಿಯುತ್ತ ಅವರ ಕಡೆಗೆ ಹೋಯಿತು. ಅವರ ಮೊಣಕಾಲು ಹಿಡಿದು ಏಳಲು ನೋಡಿತು, ಬಿತ್ತು, ಮತ್ತೆ ಹಿಡಿಯಿತು. ಅತ್ತೆ ಅದನ್ನು ಎತ್ತಿಕೊಳ್ಳಲಿಲ್ಲ.

"ನೀ ಎಲ್ಲರೆದುರೂ ಹೇಳಿದ್ದೆ," ಎಂದರು ಆಮೇಲೆ.

"ಹೌದು ಅತ್ತೆ."

"ಬಾಯಿಬಿಟ್ಟು ಹೇಳಿದ್ದೆ. ಆದ್ರೂ ಇದು ಬದುಕಿ ಇದ್ದು."

"ಇದ್ದು ಅತ್ತೆ."

ಮಗು ಅವರ ಸೆರಗಿನ ತುದಿಯನ್ನು ಬಾಯಿಗೆ ಹಾಕಿಕೊಂಡಿತ್ತು. ಅತ್ತೆ ಅದನ್ನು ಬಿಡಿಸಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

"ಹಂಗಾರೆ ಆ ಮಾಣಿ ನನ್ನ ಬಾಯಿಂದ ಹೋದ್ದಲ್ಲ. ಅಲ್ದನೇ ಕೂಸೆ?"

ಇಷ್ಟು ತಿಂಗಳು ನಾನು ನನ್ನ ಮಗು ಬದುಕಲಿ ಎಂದು ಮಾತ್ರ ಕಾದಿದ್ದೆ. ಅತ್ತೆ ಕಾದದ್ದು ಇನ್ನೂ ಒಂದಕ್ಕೆ ಎಂದು ನನಗೆ ತಿಳಿದಿರಲಿಲ್ಲ.

"ಅಲ್ಲ ಅತ್ತೆ," ಎಂದೆ.

ಕೆಳಗೆ ಮಾವ ಚಹಾಕ್ಕೆ ಕೂಗುತ್ತಿದ್ದರು. ಅತ್ತೆ ಏಳಲಿಲ್ಲ.

"ಇನ್ನೊಂದ್ಸಲ ಹೇಳು," ಎಂದರು.

ಹೇಳಿದೆ.